ಚೆಂಡಿನ ಹಿಂದೆ ಓಡಬೇಡಿ

ಮ್ಯಾಡೆನ್ ಎನ್‌ಎಫ್‌ಎಲ್ ನಮ್ಮ ಕಾಲ್ಚೆಂಡಾಟವಲ್ಲ, ಅಮೆರಿಕದವರ ಫುಟ್‌ಬಾಲ್‌ನ ವಿಡಿಯೊ ಗೇಮ್. ತಂಡಕ್ಕೆ 11 ಜನ. ಚೆಂಡು ಇರುವ ತಂಡ 4 ಯತ್ನಗಳಲ್ಲಿ 10 ಗಜ ಮುಂದೆ ಹೋಗಬೇಕು. ರಜೆಯಲ್ಲಿ ನನ್ನ ಖಾಲಾ ಮಗ ಭಾಯಿಜಾನ್ ಚೆಂಡು ಎಸೆಯದೆ, ಬರೀ ಓಡಿಸಿಯೇ ನನ್ನನ್ನು ದಿನಾ ಸೋಲಿಸುತ್ತಿದ್ದರು. “ನೀನು ಚೆಂಡಿನ ಹಿಂದೆ ಓಡ್ತೀಯ, ಅದೇ ತಪ್ಪು” ಎಂದರು.

ನಿಜ. ಎದುರು ಸಾಲಿನ ಆಟಗಾರರ ನಡುವಿನ ಪ್ರತಿ ಸಂದಿಗೂ ನಮ್ಮವನೊಬ್ಬ ಕಾವಲಿರಬೇಕು. ಅವನು ಜಾಗ ಬಿಟ್ಟರೆ ಅಲ್ಲೇ ದಾರಿ. ಈಗ ನಾನು 4-3 ಆರಿಸುತ್ತೇನೆ: ಮುಂದೆ 4 ಜನ, ಹಿಂದೆ 3 ಲೈನ್‌ಬ್ಯಾಕರ್‌ಗಳು. ನಡುವಿನವನನ್ನು ನಾನೇ ಆಡಿಸುತ್ತೇನೆ. ತಕ್ಷಣ ನುಗ್ಗುವುದಿಲ್ಲ, ಎದುರು ಸಾಲು ಯಾವ ಕಡೆ ಸರಿಯುತ್ತದೆ ಎಂದು ಒಂದು ಕ್ಷಣ ನೋಡುತ್ತೇನೆ. ಅಂಚಿನವರು ಹೊರದಾರಿ ಮುಚ್ಚಿದರೆ ಓಟಗಾರ ಒಳಗೆ ತಿರುಗಲೇಬೇಕು. ಅಲ್ಲಿ ನಾನಿರುತ್ತೇನೆ.

ಓಟವೇ ಎಂದು ಊಹಿಸಿ ಎಲ್ಲರನ್ನೂ ಮುಂದೆ ನುಗ್ಗಿಸುವ ಆಯ್ಕೆಯೂ ಇದೆ. ಊಹೆ ತಪ್ಪಿದರೆ ಹಿಂದೆ ಖಾಲಿ. ಕಾಮರ್ಸ್ ಹುಡುಗ ನಾನು, ಬಂಡವಾಳವೆಲ್ಲ ಒಂದೇ ಕಡೆ ಹಾಕಬಾರದೆಂದು ಗೊತ್ತು. ಆದರೂ ಮೊನ್ನೆ ಹಾಕಿದೆ. ಭಾಯಿಜಾನ್ ನಗುತ್ತಾ ನನ್ನವರ ತಲೆಯ ಮೇಲೆ ಚೆಂಡು ಎಸೆದುಬಿಟ್ಟರು.

ಇನ್ನೂ ಗೆದ್ದಿಲ್ಲ. ಆದರೆ ಅವರು ಈಗ ಚೆಂಡು ಎಸೆಯಲೇಬೇಕಾಗಿದೆ.