ಪರಮಪ್ರಸಾದದ ಸಾಲಿನಲ್ಲಿ ಯಾರ್‍ಯಾರು?

ಗೋಧಿ ಹಿಟ್ಟು, ನೀರು. ಉಪ್ಪಿಲ್ಲ, ಹುದುಗಿಲ್ಲ, ಎಣ್ಣೆಯಿಲ್ಲ. ಕಾದ ಅಚ್ಚುಗಳ ನಡುವೆ ಒತ್ತಿ ಬೇಯಿಸಿದರೆ ತೆಳ್ಳನೆಯ ಬಿಳಿ ಬಿಲ್ಲೆ ಸಿದ್ಧ. ನಾಲಿಗೆಯ ಮೇಲಿಟ್ಟರೆ ರುಚಿ ಎನ್ನುವಂಥದ್ದೇನೂ ಇಲ್ಲ. ಕೆಲವು ಸಲ ಅಂಗುಳಿಗೆ ಅಂಟಿಕೊಳ್ಳುತ್ತದೆ, ಅಷ್ಟೆ. ಆದರೆ ಬಲಿಪೂಜೆಯಲ್ಲಿ ಗುರುಗಳು ಯೇಸುವಿನ ಕೊನೆಯ ಭೋಜನದ ಮಾತುಗಳನ್ನು ಹೇಳಿದ ಮೇಲೆ, ಕಥೋಲಿಕರ ಪಾಲಿಗೆ ಅದು ರೊಟ್ಟಿಯಲ್ಲ, ಕ್ರಿಸ್ತನ ಶರೀರ; ಅದೇ ಪರಮಪ್ರಸಾದ. ಬರೀ ಸಂಕೇತ ಎಂದರೆ ಅವರು ಒಪ್ಪುವುದಿಲ್ಲ. ಹಾಗಾಗಿಯೇ ತಟ್ಟೆಯಲ್ಲಿ ಉಳಿದ ಪುಡಿಯನ್ನೂ ನೀರಿನಲ್ಲಿ ತೊಳೆದು ಗುರುಗಳೇ ಕುಡಿಯುತ್ತಾರೆ. ಸ್ವೀಕರಿಸುವ ಮುನ್ನ ಒಂದು ಗಂಟೆ ಕಾಲ ನೀರು, ಔಷಧ ಬಿಟ್ಟು ಬೇರೇನೂ ಸೇವಿಸುವಂತಿಲ್ಲ. ಹಿಂದೆ ಈ ಉಪವಾಸ ನಡುರಾತ್ರಿಯಿಂದಲೇ ಶುರುವಾಗುತ್ತಿತ್ತು. ಆಗ ಭಾನುವಾರದ ಕಾಫಿ ಏನಿದ್ದರೂ ಪೂಜೆ ಮುಗಿದ ಮೇಲೆ.

ಇಷ್ಟು ಭಯಭಕ್ತಿ ಇದ್ದಲ್ಲಿ ಜನ ಹಿಂಜರಿಯುವುದೂ ಸಹಜ. ವರ್ಷಕ್ಕೊಮ್ಮೆಯಾದರೂ ಸ್ವೀಕರಿಸಿ ಎಂದು ಚರ್ಚಿನ 1215ರ ಲ್ಯಾಟರನ್ ಮಹಾಸಭೆ ಕಟ್ಟಳೆಯನ್ನೇ ಮಾಡಬೇಕಾಯಿತು. ಏಳು ವರ್ಷದ ಆಸುಪಾಸಿನ ಮಕ್ಕಳನ್ನು ಕಾಯಿಸಬೇಡಿ ಎಂದು ಪೋಪ್ ಹತ್ತನೇ ಪಯಸ್ ಆದೇಶಿಸಿದ್ದು 1910ರಲ್ಲಿ. ಈಗ ಮೊದಲ ಪರಮಪ್ರಸಾದವೆಂದರೆ ಬಿಳಿ ಫ್ರಾಕು, ಹಾಲ್, ಕೇಕ್, ಫೋಟೊಗ್ರಾಫರ್. ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದು ಆಲ್ಬಮ್ಮಿನಡಿ ಹೂತುಹೋಗದಿದ್ದರೆ ಸರಿ.

ಅದೇ 1910ರಲ್ಲಿ ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ ಇನ್ನೊಂದು ತಡೆ ಉರುಳಿತು. ಅಲ್ಲಿನ ಚರ್ಚನ್ನು ಕಟ್ಟಿದ್ದೇ ಪ್ಯಾಂಟಿನ ಎರಡು ಕಾಲುಗಳ ಹಾಗೆ: ಒಂದರಲ್ಲಿ ಪಿಳ್ಳೆ, ಮೊದಲಿಯಾರರು, ಇನ್ನೊಂದರಲ್ಲಿ ನಾಡಾರರೂ ಉಳಿದವರೂ, ನಡುವೆ ಗೋಡೆ. ಎರಡೂ ಕೂಡುವಲ್ಲಿ ಬಲಿಪೀಠ ಮಾತ್ರ ಒಂದೇ! ಪಾದ್ರಿಗಳು ಗೋಡೆ ಕೆಡವಿಸಿದಾಗ ಮೇಲ್ಜಾತಿಯವರು ಕೋರ್ಟಿನ ಮೆಟ್ಟಿಲು ಹತ್ತಿದರು. ಮದರಾಸು ಹೈಕೋರ್ಟ್ ಅವರ ವಾದವನ್ನು ಒಪ್ಪಲಿಲ್ಲ. ಒಂದೇ ಪ್ರಸಾದ ನುಂಗಿಯೂ ಪಕ್ಕದವನ ಗಾಳಿ ಸೋಕಬಾರದು ಎನ್ನುವವರಿಗೆ ಒಳಗೆ ಇಳಿದದ್ದಾದರೂ ಏನು?

ಈ ರೋಗ ಹಳೆಯದು. ಕ್ರಿ.ಶ. 50ರ ದಶಕದಲ್ಲಿ ಕೊರಿಂಥದ ಕ್ರೈಸ್ತ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು ಅಮಲೇರಿಸಿಕೊಳ್ಳುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಸಂತ ಪೌಲರು ಪತ್ರ ಬರೆದು ಛೀಮಾರಿ ಹಾಕಿದರು. ಕೊನೆಯ ಭೋಜನದ ಬಗ್ಗೆ ನಮಗೆ ಸಿಗುವ ಅತಿ ಹಳೆಯ ಬರಹ ಇರುವುದು ಆ ಬೈಗುಳದ ನಡುವೆಯೇ. ಪ್ರಸಾದದ ಮಾತು ಎತ್ತಿದಲ್ಲೆಲ್ಲ ಪಂಕ್ತಿಯ ಮಾತೂ ಬಂದೇ ಬರುತ್ತದೆ.

ಸಾಲಿಗೆ ಬರಲಾಗದವರ ಬಳಿಗೆ ಪ್ರಸಾದವೇ ಹೋಗುತ್ತದೆ. ಹಾಸಿಗೆ ಹಿಡಿದ ಅಜ್ಜಿಯ ಮನೆಗೆ ಗುರುಗಳೋ ಸಿಸ್ಟರೋ ಸಣ್ಣ ಲೋಹದ ಡಬ್ಬಿಯಲ್ಲಿ ತರುತ್ತಾರೆ. ಸ್ಟೂಲಿನ ಮೇಲಿದ್ದ ಮಾತ್ರೆ, ಕಷಾಯದ ಲೋಟಗಳನ್ನು ಸೊಸೆ ಪಕ್ಕಕ್ಕೆ ಸರಿಸಿ, ಬಿಳಿ ಬಟ್ಟೆ ಹಾಸಿ ಮೇಣದಬತ್ತಿ ಹಚ್ಚುತ್ತಾಳೆ. ನುಂಗಲು ಕಷ್ಟವಾದರೆ ಚೂರು ಮುರಿದು ಒಂದು ಗುಟುಕು ನೀರಿನೊಂದಿಗೆ ಕೊಡುತ್ತಾರೆ.

ಬರಲು ಕಾಲಿದ್ದೂ ಕೂತೇ ಇರುವವರೂ ಉಂಟು. ವಿಚ್ಛೇದನ ಪಡೆದು ಚರ್ಚಿನ ಒಪ್ಪಿಗೆಯಿಲ್ಲದೆ ಮರುಮದುವೆಯಾದವರು ಸಾಲು ಸರಿಯುವಾಗ ಮೊಣಕಾಲು ಓರೆ ಮಾಡಿ ಉಳಿದವರಿಗೆ ದಾರಿ ಬಿಡುತ್ತಾರೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ತಮ್ಮ ದಾಖಲೆಯೊಂದರ ಅಡಿಟಿಪ್ಪಣಿಯಲ್ಲಿ, ಕೆಲವು ಸಂದರ್ಭಗಳಲ್ಲಿ ಇಂಥವರಿಗೂ ಸಂಸ್ಕಾರಗಳ ನೆರವು ಸಿಗಬಹುದೆಂದು ಸೂಚಿಸಿದರು. ಅಷ್ಟಕ್ಕೇ ನಾಲ್ವರು ಕಾರ್ಡಿನಲ್‌ಗಳು ಲಿಖಿತ ಸ್ಪಷ್ಟನೆ ಕೇಳಿದರು. ನನ್ನ ಓಟು ಅಡಿಟಿಪ್ಪಣಿಗೆ.