ನಿದ್ದೆ, ಸ್ನಾನ ಮತ್ತು ಸಂತ ತೋಮಸರು

ಕಳೆದ ತಪಸ್ಸುಕಾಲದ ಒಂದು ಸಂಜೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಗುರುನಿವಾಸಕ್ಕೆ ಬಂದರು. "ಫಾದರ್, ಮನೆಯಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಮಗ ಕುವೈತಿನಲ್ಲಿ ಕೆಲಸದಲ್ಲಿದ್ದಾನೆ. ಸೊಸೆ ಒಳ್ಳೆಯವಳು. ಆದರೂ ಮನಸ್ಸಿಗೆ ಸಂತೋಷವೆಂಬುದಿಲ್ಲ. ಜಪಸರ ಕೈಗೆತ್ತಿಕೊಂಡರೆ ಕಣ್ಣೀರು ಬರುತ್ತದೆ. ನನ್ನ ವಿಶ್ವಾಸವೇ ಕುಂದಿತೋ ಏನೋ" ಎಂದರು. ಗುರುಗಳಾದವರು ಸಾಮಾನ್ಯವಾಗಿ ಮಾಡುವುದನ್ನೇ ನಾವೂ ಮಾಡಿದೆವು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಒಂಬತ್ತು ದಿನಗಳ ನೊವೆನಾ ಮಾಡಲು ಹೇಳಿ ಕಳುಹಿಸಿದೆವು.

ನೊವೆನಾ ಮುಗಿಯಿತು. ಅವರು ಮೊದಲಿಗಿಂತಲೂ ಬಾಡಿದ ಮುಖದೊಂದಿಗೆ ಮರಳಿ ಬಂದರು. ಆಗಲಷ್ಟೇ ನಮಗೆ ಕೇಳಬೇಕೆನಿಸಿತು: "ಅಮ್ಮಾ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ?"

ಉತ್ತರ ಸರಳವಾಗಿತ್ತು. ಮಗನ ಕೆಲಸ ಮುಗಿಯುವುದು ಅಲ್ಲಿಯ ಒಂಬತ್ತು ಗಂಟೆಗೆ, ಎಂದರೆ ಇಲ್ಲಿಯ ಹನ್ನೊಂದೂವರೆಗೆ. ಅವನ ಫೋನು ಬರುವವರೆಗೆ ಕಾದು, ಮಾತಾಡಿ ಮಲಗುವಾಗ ಹನ್ನೆರಡೂವರೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಒಲೆ ಹಚ್ಚಬೇಕು, ಮೊಮ್ಮಗನ ಬುತ್ತಿ ಕಟ್ಟಬೇಕು, ನಮ್ಮ ಮೊದಲ ಬಲಿಪೂಜೆಗೂ ಬರಬೇಕು. ಹೀಗೆ ಎರಡು ವರ್ಷ! ಈ ತಾಯಿಯ ವಿಶ್ವಾಸ ಎಳ್ಳಷ್ಟೂ ಕುಂದಿರಲಿಲ್ಲ. ದೇಹ ದಣಿದಿತ್ತು, ಅಷ್ಟೇ. ಅದನ್ನು ಮೊದಲ ದಿನವೇ ಕೇಳದೆ, ನಿದ್ದೆಗೆಟ್ಟವರ ಹೆಗಲಿಗೆ ಇನ್ನೊಂದು ಪ್ರಾರ್ಥನೆಯ ಹೊರೆಯನ್ನು ಹೊರಿಸಿದವರು ನಾವು. (ಇದನ್ನು ಅವರ ಅನುಮತಿ ಪಡೆದೇ ಬರೆಯುತ್ತಿದ್ದೇವೆ.)

ನಾಚಿಕೆಪಡಲು ನಮಗೆ ಇನ್ನೂ ಒಂದು ಕಾರಣವಿತ್ತು. ಇದೇ ವಿಷಯವನ್ನು ಸೆಮಿನರಿಯಲ್ಲಿ ಪರೀಕ್ಷೆಗೆಂದು ನಾವು ಓದಿದ್ದೆವು. 1274ರಲ್ಲಿ ನಿಧನರಾದ ಸಂತ ತೋಮಸ್ ಅಕ್ವಿನಾಸರ 'ಸುಮ್ಮಾ ತಿಯೊಲಾಜಿಯೆ' ಎಂಬ ಮಹಾಗ್ರಂಥದ ಎರಡನೆಯ ಭಾಗದ ಪೂರ್ವಾರ್ಧದಲ್ಲಿ 38ನೆಯ ಪ್ರಶ್ನೆ ದುಃಖದ ಪರಿಹಾರಗಳನ್ನು ಕುರಿತದ್ದು. ದೇವರ ಅಸ್ತಿತ್ವ, ದೇವದೂತರ ಸ್ವರೂಪ ಮುಂತಾದ ಗಹನ ವಿಷಯಗಳನ್ನು ಚರ್ಚಿಸಿದ ಆ ಮಹಾಮೇಧಾವಿ ಇಲ್ಲಿ ಐದು ಮದ್ದುಗಳನ್ನು ಹೆಸರಿಸುತ್ತಾರೆ. ಯಾವುದಾದರೊಂದು ಸಂತೋಷ, ಕಣ್ಣೀರು, ಸ್ನೇಹಿತರ ಅನುಕಂಪ, ಸತ್ಯದ ಧ್ಯಾನ, ಕೊನೆಯದಾಗಿ ನಿದ್ರೆ ಮತ್ತು ಸ್ನಾನ. ಇಪ್ಪತ್ತರ ಹರೆಯದಲ್ಲಿ ನಾವು ಈ ಕೊನೆಯದನ್ನು ಓದಿ ಮುಗುಳ್ನಕ್ಕು ಪುಟ ತಿರುವಿದ್ದೆವು. ಆ ವಯಸ್ಸಿನಲ್ಲಿ ಯಾರಿಗೆ ತಾನೇ ನಿದ್ದೆಯ ಬೆಲೆ ಗೊತ್ತು?

ತೋಮಸರು ತಮ್ಮ ವಾಡಿಕೆಯಂತೆ ಮೊದಲು ಎದುರು ವಾದವನ್ನೇ ಮುಂದಿಡುತ್ತಾರೆ. ದುಃಖವಿರುವುದು ಆತ್ಮದಲ್ಲಿ, ನಿದ್ದೆ ಸ್ನಾನಗಳು ದೇಹಕ್ಕೆ ಸಂಬಂಧಿಸಿದವು, ಇವು ಅದನ್ನು ಶಮನಗೊಳಿಸುವುದು ಹೇಗೆ? ಅವರ ಉತ್ತರದ ಸಾರಾಂಶವಿಷ್ಟು: ದುಃಖವು ದೇಹದ ಸಹಜವಾದ ಜೀವಚಲನೆಯನ್ನೂ ಕುಗ್ಗಿಸುತ್ತದೆ, ಆದ್ದರಿಂದ ದೇಹವನ್ನು ತನ್ನ ಸಹಜಸ್ಥಿತಿಗೆ ಮರಳಿಸುವ ಯಾವುದೇ ಆಗಲಿ ದುಃಖವನ್ನು ತಗ್ಗಿಸುತ್ತದೆ. ಅರಿಸ್ಟಾಟಲನ ಶಿಷ್ಯರಾದ ಅವರಿಗೆ ಮನುಷ್ಯನೆಂದರೆ ದೇಹವೆಂಬ ಬಾಡಿಗೆ ಮನೆಯಲ್ಲಿ ವಾಸಿಸುವ ಆತ್ಮವಲ್ಲ. ದೇಹ ಮತ್ತು ಆತ್ಮ ಎರಡೂ ಸೇರಿಯೇ ಒಬ್ಬ ಮನುಷ್ಯ. ಪವಿತ್ರ ಗ್ರಂಥವೂ ಇದನ್ನೇ ತೋರಿಸುತ್ತದೆ. ಸಾಯಲು ಬಯಸಿ ಮರುಭೂಮಿಯಲ್ಲಿ ಮಲಗಿದ ಪ್ರವಾದಿ ಎಲೀಯನ ಬಳಿಗೆ ಬಂದ ದೇವದೂತನು ಮೊದಲು ಉಪದೇಶ ಮಾಡಲಿಲ್ಲ. ರೊಟ್ಟಿ ಮತ್ತು ನೀರು ಕೊಟ್ಟನು, ಪುನಃ ಮಲಗಗೊಟ್ಟನು, ಎರಡನೆಯ ಸಲ ಎಬ್ಬಿಸಿ ಮತ್ತೆ ಊಟಕ್ಕೇ ಕರೆದನು. ಹೊರೇಬ್ ಬೆಟ್ಟದ ಮಾತು ಆಮೇಲಿನದು. ಬಿರುಗಾಳಿಯ ನಡುವೆ ಪ್ರಭು ಯೇಸು ದೋಣಿಯ ಹಿಂಬದಿಯಲ್ಲಿ ತಲೆದಿಂಬಿಟ್ಟು ಮಲಗಿದ್ದರೆಂದು ಸಂತ ಮಾರ್ಕರು ಬರೆಯುತ್ತಾರೆ. ದಿಂಬನ್ನೂ ಹೆಸರಿಸಿದ ಆ ಶುಭಸಂದೇಶಕಾರರಿಗೆ ನಾವು ಋಣಿಗಳು.

ಕಣ್ಣೀರಿನ ವಿಷಯದಲ್ಲಿ ತೋಮಸರ ಮಾತು ನಮ್ಮ ಪಾಲಿಗೆ ತಡವಾಗಿ ನಿಜವಾಯಿತು. ನೋವನ್ನು ಒಳಗೇ ಮುಚ್ಚಿಟ್ಟರೆ ಮನಸ್ಸೆಲ್ಲ ಅದರ ಮೇಲೆಯೇ ನೆಟ್ಟು ಅದು ಇನ್ನಷ್ಟು ಚುಚ್ಚುತ್ತದೆ, ಹೊರಗೆ ಹರಿಯಬಿಟ್ಟರೆ ಹಗುರವಾಗುತ್ತದೆ ಎಂಬುದು ಅವರ ವಿವರಣೆ. ನಮ್ಮ ತಾಯಿ ತೀರಿಕೊಂಡಾಗ ಅಂತ್ಯಕ್ರಿಯೆಯ ಬಲಿಪೂಜೆಯನ್ನು ನಾವೇ ಅರ್ಪಿಸಿದೆವು. ಗುರುಗಳು ಅಳಬಾರದೆಂಬ ಭ್ರಮೆಯಿಂದ ಒಂದು ಹನಿಯನ್ನೂ ಹರಿಸಲಿಲ್ಲ. ಧರ್ಮಕೇಂದ್ರಕ್ಕೆ ಮರಳಿದ ರಾತ್ರಿ, ಚರ್ಚಿನ ಗಂಟೆ ಬಾರಿಸುವ ವೃದ್ಧರು ಬಂದು ಜಗಲಿಯಲ್ಲಿ ನಮ್ಮ ಪಕ್ಕ ಕುಳಿತರು. ಬಹಳ ಹೊತ್ತು ಒಂದು ಮಾತನ್ನೂ ಆಡಲಿಲ್ಲ. ಕೊನೆಗೆ ಎದ್ದು, "ಫಾದರ್, ಹಂಡೆಯಲ್ಲಿ ನೀರು ಕಾದಿದೆ" ಎಂದರು. ಬಚ್ಚಲುಮನೆಯ ಹೊಗೆಯಲ್ಲಿ, ತಂಬಿಗೆಯಿಂದ ಬಿಸಿನೀರು ಸುರಿದುಕೊಳ್ಳುತ್ತ, ಮಗುವಿನಂತೆ ಅತ್ತೆವು. ಸ್ನೇಹಿತರ ಅನುಕಂಪವು ಸಂತೈಸುವುದಕ್ಕೆ ತೋಮಸರು ಕೊಡುವ ಮುಖ್ಯ ಕಾರಣ, ತಾನು ಪ್ರೀತಿಸಲ್ಪಡುತ್ತಿದ್ದೇನೆಂದು ದುಃಖಿಗೆ ಅದರಿಂದ ತಿಳಿಯುತ್ತದೆ ಎಂಬುದು. ಐದರಲ್ಲಿ ಮೂರು ಮದ್ದುಗಳನ್ನು ಅಕ್ಷರ ಬಾರದ ಆ ಹಿರಿಯರು ಒಂದೇ ರಾತ್ರಿಯಲ್ಲಿ ನಮಗೆ ಕೊಟ್ಟಿದ್ದರು.

ಸ್ನಾನವು ಎಲ್ಲರಿಗೂ ಫಲಿಸುತ್ತದೆಂದಲ್ಲ. 387ರಲ್ಲಿ ತಾಯಿ ಸಂತ ಮೋನಿಕಳನ್ನು ಓಸ್ತಿಯಾದಲ್ಲಿ ಕಳೆದುಕೊಂಡ ಸಂತ ಅಗಸ್ಟೀನರು ದುಃಖ ಕಳೆಯಲೆಂದೇ ಸ್ನಾನಕ್ಕೆ ಹೋದರು, ಏನೂ ಪ್ರಯೋಜನವಾಗಲಿಲ್ಲ. ಮಲಗಿ ಎದ್ದ ಮೇಲೆ ನೋವು ಸ್ವಲ್ಪ ಮೆತ್ತಗಾಗಿತ್ತು, ಆಮೇಲೆ ಕಣ್ಣೀರೂ ಬಂತು ಎಂದು ತಮ್ಮ 'ಕನ್ಫೆಶನ್ಸ್' ಗ್ರಂಥದ ಒಂಬತ್ತನೆಯ ಭಾಗದಲ್ಲಿ ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಹಾಗೆಯೇ, ವಾರಗಟ್ಟಲೆ ನಿದ್ದೆಯೇ ಹತ್ತದೆ, ಅನ್ನವೇ ಸೇರದೆ ಕಂಗೆಟ್ಟವರನ್ನು ವೈದ್ಯರ ಬಳಿಗೇ ಕರೆದೊಯ್ಯಬೇಕು. ಅದು ವಿಶ್ವಾಸದ ಕೊರತೆಯಲ್ಲವೆಂದು ಅವರಿಗೆ ಮತ್ತೆ ಮತ್ತೆ ಹೇಳಬೇಕು.

ಸತ್ಯದ ಧ್ಯಾನವನ್ನು ತೋಮಸರು ಅತ್ಯಂತ ಶ್ರೇಷ್ಠ ಸಂತೋಷವೆನ್ನುತ್ತಾರೆ. ನಾವು ಅದನ್ನು ಅಲ್ಲಗಳೆಯುವವರಲ್ಲ. ಆದರೆ ತೂಕಡಿಸುವವರಿಗೆ ಧ್ಯಾನ ದುಸ್ತರ. ಎಷ್ಟೋ ಮನೆಗಳಲ್ಲಿ ಸಂಜೆಯ ಪ್ರಾರ್ಥನೆ ರಾತ್ರಿ ಹತ್ತರವರೆಗೂ ಮುಂದೂಡಲ್ಪಟ್ಟು, ಮಕ್ಕಳು ಗೋಡೆಗೊರಗಿ ನಿದ್ರಿಸುತ್ತ 'ನಮೋ ಮರಿಯಾ' ಹೇಳುವುದನ್ನು ನಾವು ಕಂಡಿದ್ದೇವೆ. ಏಳು ಗಂಟೆಗೆ ಟಿ.ವಿ. ಆರಿಸಿ, ಮೊಬೈಲನ್ನು ಕಪಾಟಿನೊಳಗಿಟ್ಟು, ಅಗತ್ಯವಾದರೆ ಒಂದೇ ರಹಸ್ಯವನ್ನು ಧ್ಯಾನಿಸಿ, ಒಟ್ಟಿಗೆ ಉಂಡು ಬೇಗನೆ ಮಲಗುವ ಮನೆಯಲ್ಲಿ ಮಾತೆ ಮರಿಯಮ್ಮನವರು ಮುನಿಸಿಕೊಳ್ಳಲಾರರು.

ಆ ತಾಯಿಗೆ ನಾವು ಹೊಸ ನೊವೆನಾ ಕೊಡಲಿಲ್ಲ. ವಾರದ ದಿನಗಳಲ್ಲಿ ಬಲಿಪೂಜೆಗೆ ಬರುವುದು ಬೇಡ, ಭಾನುವಾರ ಬಂದರೆ ಸಾಕು ಎಂದೆವು, ಮೊದಲು ಹೆದರಿದರು. ಮಗನಿಗೆ ನಾವೇ ಫೋನು ಮಾಡಿ ಮಾತಾಡಿದೆವು. ಅವನಿಗೆ ತಿಳಿದೇ ಇರಲಿಲ್ಲ. ತಾಯಿ ಎಚ್ಚರವಿರುವುದರಿಂದಲೇ ತಾನು ಫೋನು ಮಾಡುತ್ತಿದ್ದೇನೆಂದು ಅವನೂ, ಮಗ ಮಾಡುತ್ತಾನೆಂದು ಎಚ್ಚರವಿರುವುದಾಗಿ ತಾಯಿಯೂ ಭಾವಿಸಿದ್ದರು! ಈಗ ಅವನು ಶುಕ್ರವಾರ, ತನ್ನ ರಜೆಯ ದಿನ, ಮಧ್ಯಾಹ್ನ ಮಾತಾಡುತ್ತಾನೆ.

ಮೊನ್ನೆ ಭಾನುವಾರ ಬಲಿಪೂಜೆಯ ಬಳಿಕ ಆ ತಾಯಿ ಚರ್ಚಿನ ಮೆಟ್ಟಿಲ ಬಳಿ ಕಾದು ನಿಂತಿದ್ದರು. "ಮೊದಲೆಲ್ಲ ನೀವು ಪ್ರಸಂಗ ಆರಂಭಿಸಿದೊಡನೆ ನನಗೆ ತೂಕಡಿಕೆ ಬರುತ್ತಿತ್ತು. ಇವತ್ತು ಕೊನೆಯವರೆಗೂ ಕೇಳಿದೆ" ಎಂದರು. ನಾವು ಹಿಗ್ಗಿದ್ದನ್ನು ಗಮನಿಸಿರಬೇಕು, ಮೆಲ್ಲಗೆ ಸೇರಿಸಿದರು: "ಸ್ವಲ್ಪ ಉದ್ದವಾಯಿತು, ಫಾದರ್."