ಲಾಯದಿಂದ ಲಸಿಕೆಗೆ

ಕಾರ್ಖಾನೆಯಲ್ಲಿ ಗಳಿಸಿದ ಹಣವನ್ನು ರೇಸ್ ಕುದುರೆಗಳ ಮೇಲೆ ಸುರಿದ ಉದ್ಯಮಿಗಳು ಬಹಳ ಮಂದಿ. ಪುಣೆಯ ಪೂನಾವಾಲಾ ಮನೆತನದ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಮೊದಲು ಬಂದದ್ದು ಲಾಯ, ಆಮೇಲೆ ಕಾರ್ಖಾನೆ.

ಸೋಲಿ ಪೂನಾವಾಲಾ ಸ್ಟಡ್ ಫಾರಂ ತೆರೆದದ್ದು 1946ರಲ್ಲಿ. ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗಳನ್ನು ಬೆಳೆಸಿ ಮಾರುವುದು ಈ ಪಾರ್ಸಿ ಕುಟುಂಬದ ಕಸುಬಾಯಿತು. ತಾಳ್ಮೆ ಬೇಡುವ ಕಸುಬು ಅದು. ಈ ತಳಿಗೆ ಕೃತಕ ಗರ್ಭಧಾರಣೆ ನಿಷಿದ್ಧ. ಗರ್ಭ ಕಟ್ಟಿದ ಮೇಲೆ ಹನ್ನೊಂದು ತಿಂಗಳು ಕಾಯಬೇಕು, ಹುಟ್ಟಿದ ಮರಿ ಓಟಕ್ಕಿಳಿಯಲು ಇನ್ನೆರಡು ವರ್ಷ. ಇಷ್ಟಾಗಿ, ಅದು ಟ್ರ್ಯಾಕಿನಲ್ಲಿ ಮಿಂಚುವುದು ಕೆಲವೇ ವರ್ಷ.

ಓಟ ನಿಂತ ಕುದುರೆಗಳನ್ನು ಕುಟುಂಬದವರು ಮುಂಬೈನ ಹಾಫ್ಕಿನ್ ಸಂಸ್ಥೆಗೆ ಕೊಡುತ್ತಿದ್ದರು. ಅಲ್ಲಿ ಅವುಗಳ ರಕ್ತದಿಂದ ಸೀರಂ ತಯಾರಾಗುತ್ತಿತ್ತು. ಸೋಲಿಯವರ ಮಗ ಸೈರಸ್ ಹುಟ್ಟಿದ್ದು 1941ರಲ್ಲಿ. ಸಮಾಜವಾದದತ್ತ ಹೊರಳುತ್ತಿದ್ದ ದೇಶದಲ್ಲಿ ರೇಸಿಗೆ ಭವಿಷ್ಯವಿಲ್ಲವೆಂದು ಈ ತರುಣನಿಗೆ ಅನ್ನಿಸಿತ್ತು. ಕುದುರೆ ನಮ್ಮದು, ಅದರಿಂದಾಗುವ ಔಷಧವನ್ನು ನಾವೇ ಏಕೆ ತಯಾರಿಸಬಾರದು? ಈ ಪ್ರಶ್ನೆಯಿಂದ 1966ರಲ್ಲಿ ಪುಣೆಯ ಹಡಪ್ಸರ್‌ನಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಹುಟ್ಟಿತು. ಕುದುರೆ ಮಾರಿ ಬಂದ ದುಡ್ಡೂ ಅದರ ಬಂಡವಾಳಕ್ಕೆ ಸೇರಿತು. ಮೊದಲು ಕೈಗೆತ್ತಿಕೊಂಡದ್ದು ಧನುರ್ವಾಯುವಿನ ಪ್ರತಿವಿಷ.

ಈ ವಿದ್ಯೆ 1890ರ ದಶಕದಷ್ಟು ಹಳೆಯದು. ಕುದುರೆಗೆ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಚುಚ್ಚಿ, ಕ್ರಮೇಣ ಹೆಚ್ಚಿಸುತ್ತಾರೆ. ಅದರ ದೇಹ ವಿಷವನ್ನು ಎದುರಿಸುವ ಪ್ರತಿಕಾಯಗಳನ್ನು ಸೃಷ್ಟಿಸುತ್ತದೆ. ಆಗ ಸ್ವಲ್ಪ ರಕ್ತ ತೆಗೆದು, ಪ್ರತಿಕಾಯಗಳನ್ನು ಬೇರ್ಪಡಿಸಿ ಶುದ್ಧ ಮಾಡುತ್ತಾರೆ. ದೊಡ್ಡ ಮೈಯ ಕುದುರೆ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ನಾಗರಹಾವು, ಕೊಳಕುಮಂಡಲ ಕಚ್ಚಿದ ರೈತನಿಗೆ ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಕೊಡುವ ಔಷಧ ಕುದುರೆಯ ರಕ್ತದಿಂದಲೇ ಬಂದದ್ದು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯಗೊಳಿಸುವಷ್ಟು ಈ ಸಮಸ್ಯೆ ದೊಡ್ಡದೆಂಬುದನ್ನು ನೆನೆದರೆ, ನಾವು ಈ ಪ್ರಾಣಿಗೆ ಎಷ್ಟು ಋಣಿಗಳೆಂಬುದು ತಿಳಿದೀತು.

ಸೀರಂನಿಂದ ಸಂಸ್ಥೆ ಲಸಿಕೆಗೆ ದಾಟಿತು. ಗಂಟಲುಮಾರಿ, ನಾಯಿಕೆಮ್ಮು, ದಡಾರ, ಒಂದಾದ ಮೇಲೊಂದು. ಡೋಸ್‌ಗಳ ಲೆಕ್ಕದಲ್ಲಿ ಅದೀಗ ಜಗತ್ತಿನ ಅತಿ ದೊಡ್ಡ ಲಸಿಕಾ ತಯಾರಕ. 2021ರಿಂದ ಕೋಟ್ಯಂತರ ಭಾರತೀಯರ ತೋಳಿಗೆ ಬಿದ್ದ ಕೋವಿಶೀಲ್ಡ್ ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಸಾಧನೆ 2010ರದ್ದು ಎನ್ನಬೇಕು. ಆಫ್ರಿಕಾದಲ್ಲಿ ಮಿದುಳುಪೊರೆಯ ಉರಿಯೂತ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಶ್ರೀಮಂತ ದೇಶಗಳ ಕಂಪನಿಗಳಿಗೆ ಲಾಭ ಕಾಣದ ಅದರ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಪಾತ್ ಎಂಬ ಲಾಭರಹಿತ ಸಂಸ್ಥೆಯ ಜೊತೆಗೂಡಿ ಪುಣೆಯಲ್ಲಿ ತಯಾರಿಸಲಾಯಿತು. ಡೋಸ್‌ಗೆ ಅರ್ಧ ಡಾಲರಿಗೂ ಕಡಿಮೆ ಬೆಲೆ. ಮೊದಲ ದೊಡ್ಡ ಅಭಿಯಾನ ನಡೆದದ್ದು ಬುರ್ಕಿನಾ ಫಾಸೊದಲ್ಲಿ.

ಸೈರಸ್ ಅವರಿಗೆ 2005ರಲ್ಲಿ ಪದ್ಮಶ್ರೀ, 2022ರಲ್ಲಿ ಪದ್ಮಭೂಷಣ ಬಂದವು. ಭವಿಷ್ಯವಿಲ್ಲವೆಂದುಕೊಂಡಿದ್ದ ರೇಸನ್ನು ಮಾತ್ರ ಮನೆತನ ಬಿಡಲಿಲ್ಲ. ಸಹೋದರ ಜವಾರೆ ಪೂನಾವಾಲಾ 2022ರಲ್ಲಿ ತೀರಿಕೊಳ್ಳುವವರೆಗೂ ಕುದುರೆ ತಳಿ ಬೆಳೆಸುವವರ ಮುಂಚೂಣಿಯಲ್ಲಿದ್ದರು. ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಓಡುವ ದೊಡ್ಡ ಬಹುಮಾನದ ಪಂದ್ಯವೊಂದಕ್ಕೆ ಪೂನಾವಾಲಾ ಬ್ರೀಡರ್ಸ್ ಮಲ್ಟಿ ಮಿಲಿಯನ್ ಎಂದೇ ಹೆಸರು.